ಕೇಳದೆ ಉಳಿದ ಎರಡನೇ ಪ್ರಶ್ನೆ

ಗ್ರಂಥಾಲಯದಲ್ಲಿ ಆಕೆಗಿದ್ದ ಅಡ್ಡಹೆಸರು 'ಎರಡನೇ ಪ್ರಶ್ನೆ'. ಇಪ್ಪತ್ತೆಂಟು ವರ್ಷ ಒಂದೇ ಮೇಜಿನ ಹಿಂದೆ ಕೂತವರಿಗೆ ಅಡ್ಡಹೆಸರು ಬರದೆ ಇರುವುದಿಲ್ಲ, ಬಂದದ್ದು ಇಷ್ಟು ಮರ್ಯಾದೆಯದ್ದಾಗಿದ್ದುದು ಆಕೆಯ ಪುಣ್ಯ. ಯಾರೇ ಬಂದು ಏನೇ ಕೇಳಲಿ, ಆಕೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮೊದಲು ತಾನೊಂದು ಪ್ರಶ್ನೆ ಕೇಳುತ್ತಿದ್ದಳು. ಒಮ್ಮೆ ಒಬ್ಬಾತ ಬಂದು ಕುದುರೆಗಳ ಬಗ್ಗೆ ಪುಸ್ತಕ ಇದೆಯಾ ಎಂದ. "ಸಾಕೋಕಾ, ಓಡಿಸೋಕಾ, ಚಿತ್ರ ಬರೆಯೋಕಾ?" ಎಂದು ಈಕೆ ಕೇಳಿದಳು. ಅವನು ಸೊಂಟ ಹಿಡಿದುಕೊಂಡು, "ಅದು ಒದ್ರೆ ಏನ್ ಮಾಡ್ಬೇಕು ಅಂತ ನೋಡ್ಬೇಕಿತ್ತು" ಎಂದ. ಅವನನ್ನು ಕಪಾಟಿಗೆ ಕಳಿಸುವ ಬದಲು ಆಸ್ಪತ್ರೆಗೆ ಕಳಿಸಿದಳು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಈ ಕಥೆಯನ್ನು ಹೇಳಿ, ಅವರಿಗಿಂತ ಮೊದಲು ತಾನೇ ನಗುತ್ತಿದ್ದಳು.

ಒಳಗಿನ ಮಾತೆಂದರೆ ಆಕೆ ಮಹಾ ಪುಕ್ಕಲು. ಮನೆ ಬಿಡುವ ಮುಂಚೆ ಗ್ಯಾಸ್ ಆಫ್ ಆಗಿದೆಯಾ ಎಂದು ಮೂರು ಸಲ ನೋಡುವವಳು, ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದು ಬೀಗ ಎಳೆದು ನೋಡುವವಳು. ಲಿಫ್ಟ್ ರಿಪೇರಿ ಮಾಡುವ ಆಕೆಯ ಗಂಡ, "ನೀನು ಉಸಿರಾಡೋಕೂ ಪುಟಸಂಖ್ಯೆ ಕೇಳೋಳು ಕಣೆ" ಎಂದು ರೇಗಿಸುತ್ತಿದ್ದ. ಆಕೆಯ ಭಯಕ್ಕೆ ಕಾರಣವೂ ಇತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಅವಸರದಲ್ಲಿದ್ದ ಒಬ್ಬರಿಗೆ ಹಿಂದಿನ ವರ್ಷದ ರೈಲು ವೇಳಾಪಟ್ಟಿ ನೋಡಿ ಗಂಟೆ ಹೇಳಿದ್ದಳು. ಅವರಿಗೆ ರೈಲು ತಪ್ಪಿತು, ಸಾಯುತ್ತಿದ್ದ ಅಣ್ಣನ ಮುಖ ನೋಡಲು ಆಗಲಿಲ್ಲ. ಅವರು ಬಂದು ಬೈಯಲಿಲ್ಲ. ಸುಮ್ಮನೆ ಬಂದು ಹೇಳಿ ಹೋದರು. ಅವತ್ತಿನಿಂದ ಆಕೆ ಒಂದು ನೋಟ್‌ಬುಕ್ ಇಟ್ಟಳು. ಅದರಲ್ಲಿ ಮೂರು ಕಾಲಂ: ಪ್ರಶ್ನೆ, ಉತ್ತರ, ಉತ್ತರ ಸಿಕ್ಕ ಪುಸ್ತಕ ಮತ್ತು ಪುಟ. ಈಗಿನದು ನಲವತ್ತೊಂದನೇ ನೋಟ್‌ಬುಕ್.

ಹಾಗಂತ ಆಕೆ ಯಂತ್ರ ಕಂಡರೆ ಮೂಗು ಮುರಿಯುವ ಜಾತಿಯಲ್ಲ. ಮರದ ಡಬ್ಬಗಳಲ್ಲಿದ್ದ ನಲವತ್ತು ಸಾವಿರ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಿದವರಲ್ಲಿ ಆಕೆಯೂ ಒಬ್ಬಳು. ಬುಧವಾರ ಬುಧವಾರ ಮಧ್ಯಾಹ್ನ ಮೇಲಿನ ಕೋಣೆಯಲ್ಲಿ, ಫೋನು ಕೈಗೆ ಬಂದರೂ ಅದರ ಬುದ್ಧಿ ಅರ್ಥವಾಗದ ಹನ್ನೊಂದು ಮಂದಿಗೆ ಪಾಠ ಮಾಡುತ್ತಿದ್ದಳು. ಗ್ರಂಥಾಲಯದ ಜಾಲತಾಣದಲ್ಲಿ 'ಗ್ರಂಥಪಾಲಕರನ್ನು ಕೇಳಿ' ಎಂಬ ಚಾಟ್ ಶುರುವಾದಾಗ, ಅದನ್ನು ಬಳಸುವುದನ್ನೂ ಅವರಿಗೆ ಕಲಿಸಿದಳು. "ಮೂರೇ ಸಾಲು ಬರೀರಿ. ಮೊದಲನೇ ಸಾಲು ನಮಸ್ಕಾರ. ಎರಡನೇದು ಪ್ರಶ್ನೆ. ಮೂರನೇದು, ಉತ್ತರ ಯಾವಾಗ ಬೇಕು ಅಂತ. ಹೆಸರು ಬರೀಬೇಡಿ, ವಿಳಾಸ ಬರೀಬೇಡಿ. ಕಂಡವರು ಬರೆದದ್ದನ್ನ ನಂಬೋ ಬದಲು ನಮ್ಮನ್ನ ಕೇಳಿ. ನಾವು ನೋಡಿ ಹೇಳ್ತೀವಿ." ಹನ್ನೊಂದು ಮಂದಿಯೂ ಇದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದರು.

ಹೆಸರು ಬೇಡ ಎಂದದ್ದಕ್ಕೂ ಒಂದು ಹಿನ್ನೆಲೆ ಇತ್ತು. ಎರಡು ವರ್ಷದ ಹಿಂದೆ ಒಬ್ಬ ಗಂಡಸು ಬಂದು, ತನ್ನ ಹೆಂಡತಿ ಇಲ್ಲಿ ಏನೇನು ಓದುತ್ತಾಳೆ ಎಂದು ಮೇಜು ಕುಟ್ಟಿ ಕೇಳಿದ್ದ. ಆಕೆ "ಹೇಳೋ ಹಾಗಿಲ್ಲ" ಎಂದಿದ್ದಳು. ಅವನು ಹೋದ ಮೇಲೆ ನೋಡಿದರೆ, ಆ ಹೆಂಗಸಿನ ಪ್ರಶ್ನೆಗಳೆಲ್ಲ ಆಕೆಯ ಪರದೆಯ ಮೇಲೆಯೇ ಇದ್ದವು, ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಆಮೇಲೆ ಆರು ತಿಂಗಳು ಮೇಲಿನವರಿಗೆ ಪತ್ರ ಬರೆದು ಬರೆದು ಒಂದು ನಿಯಮ ತರಿಸಿದಳು. ಚಾಟ್ ಮುಗಿದ ಕೂಡಲೇ ಕೇಳಿದವರ ಗುರುತು, ಪ್ರಶ್ನೆ, ಚಿತ್ರ, ಎಲ್ಲ ಅಳಿಸಿಹೋಗಬೇಕು. ಅದು ಆಕೆಯ ಜೀವನದ ಒಂದೇ ಒಂದು ಜಗಳ, ಅದರಲ್ಲಿ ಗೆದ್ದಿದ್ದಳು.

ಈ ವರ್ಷ ಚಾಟಿಗೆ ಹೊಸ ಯಂತ್ರವೊಂದನ್ನು ಜೋಡಿಸಿದರು. ಪ್ರಶ್ನೆ ಬಂದ ತಕ್ಷಣ ಅದು ಉತ್ತರದ ಕರಡು ಬರೆದಿಡುತ್ತಿತ್ತು, ಗ್ರಂಥಪಾಲಕರು ಓದಿ 'ಕಳಿಸು' ಒತ್ತಿದರೆ ಆಯಿತು. ಮೂರು ನಿಮಿಷದೊಳಗೆ ಉತ್ತರ ಹೋದರೆ ಪರದೆಯ ಮೂಲೆಯಲ್ಲಿ ಹಸಿರು ದೀಪ, ತಡವಾದರೆ ಕೆಂಪು. ಮೊದಲ ತಿಂಗಳು ಆಕೆಯ ಮೂಲೆ ಕೆಂಪಗೇ ಇತ್ತು. ಮುಖ್ಯ ಗ್ರಂಥಪಾಲಕರು ಕೆಟ್ಟವರಲ್ಲ, ಆದರೆ ಅವರಿಗೂ ಮೇಲಿನವರಿದ್ದರು. "ಮೇಡಂ, ನೀವು ಪ್ರತಿಯೊಬ್ಬರಿಗೂ ತಿರುಗಿ ಪ್ರಶ್ನೆ ಕೇಳ್ತಾ ಕೂತ್ರೆ ಹೇಗೆ? ಅದು ಸರಿಯಾಗೇ ಹೇಳುತ್ತೆ" ಎಂದರು. ಅದು ಸರಿಯಾಗೇ ಹೇಳುತ್ತಿತ್ತು ಕೂಡ. ಆಕೆ ಇನ್ನೂರು ಉತ್ತರಗಳನ್ನು ಪುಸ್ತಕ ತೆಗೆದು ತಾಳೆ ನೋಡಿದಳು, ಒಂದೂ ತಪ್ಪಿರಲಿಲ್ಲ. ನಿಧಾನವಾಗಿ ಆಕೆಯ ಎದೆಯಿಂದ ಒಂದು ಭಾರ ಇಳಿಯಿತು. ಅದನ್ನು ಆಕೆ ನೆಮ್ಮದಿ ಎಂದುಕೊಂಡಳು. ನನ್ನನ್ನು ಕೇಳಿದರೆ ಹೇಳುತ್ತೇನೆ, ಆಕೆಗೆ ಆ ನೆಮ್ಮದಿ ಆಗಿಬರುವಂಥದ್ದಾಗಿರಲಿಲ್ಲ.

ಅದೊಂದು ಗುರುವಾರ. ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಚಾಟ್‌ನಲ್ಲಿ ಒಂದು ಚಿತ್ರ ಬಂತು. ಸ್ಟೀಲ್ ತಟ್ಟೆಯಲ್ಲಿ ಮೂರು ಬಿಳಿ ಗೆಡ್ಡೆ, ತುದಿಯಲ್ಲಿ ಸಣ್ಣ ಸಣ್ಣ ಎಲೆಯ ಕಾಂಡ. ಕೆಳಗೆ ಮೂರು ಸಾಲು. ನಮಸ್ಕಾರ. ಈ ಗೆಡ್ಡೆ ತಿನ್ನಬಹುದಾ. ಸಂಜೆ ಅಡುಗೆಗೆ ಮೊದಲು ತಿಳಿಸಿ.

ಯಂತ್ರ ಕರಡು ಬರೆದಿಟ್ಟಿತು. ಇದು ಕಾಡು ಗಜ್ಜರಿ, ಅಂದರೆ ಕಾಡು ಕ್ಯಾರೆಟ್, ಬೇಯಿಸಿ ತಿನ್ನಬಹುದು, ಖಚಿತತೆ ನೂರಕ್ಕೆ ತೊಂಬತ್ತಾರು. ಕಾಂಡದ ಮೇಲೆ ನೇರಳೆ ಚುಕ್ಕೆಗಳಿದ್ದುದನ್ನು ಆಕೆ ನೋಡಿದಳು. ದಿನವಿಡೀ ಮೊಹರು ಒತ್ತುವವರಿಗೆ ಎಲ್ಲ ಕಲೆಯೂ ಶಾಯಿಯೇ. ಮೇಜಿನೆದುರು ನಾಲ್ಕು ಜನ ನಿಂತಿದ್ದರು. ಆಕೆ 'ಕಳಿಸು' ಒತ್ತಿದಳು. ಮೂಲೆಯಲ್ಲಿ ಹಸಿರು ದೀಪ ಬಂತು, ಆಕೆಗೆ ಖುಷಿಯೂ ಆಯಿತು.

ಮಧ್ಯಾಹ್ನ ಎರಡೂವರೆಗೆ ಓದುವ ಕೋಣೆ ಖಾಲಿಯಾದಾಗ ನೋಟ್‌ಬುಕ್ ಬರೆಯಲು ಕೂತಳು. ಪ್ರಶ್ನೆ ಬರೆದಳು, ಉತ್ತರ ಬರೆದಳು. ಮೂರನೇ ಕಾಲಂನಲ್ಲಿ 'ಯಂತ್ರ' ಎಂದು ಬರೆಯಲು ಪೆನ್ನು ಇಟ್ಟವಳಿಗೆ ಕೈ ಬರಲಿಲ್ಲ. ಇಪ್ಪತ್ತಾರು ವರ್ಷದ ಅಭ್ಯಾಸ, ಅಲ್ಲಿ ಪುಟಸಂಖ್ಯೆಯೇ ಬೇಕಿತ್ತು. ಎದ್ದು ಹೋಗಿ ಸಸ್ಯಗಳ ದಪ್ಪ ಪುಸ್ತಕ ತಂದು ತೆರೆದಳು. ಕಾಡು ಗಜ್ಜರಿ ಇನ್ನೂರ ಹನ್ನೆರಡನೇ ಪುಟದಲ್ಲಿತ್ತು. ಅದೇ ಎಲೆ, ಅದೇ ಗೆಡ್ಡೆ. ಕಾಂಡದ ಮೇಲೆ ಮಾತ್ರ ಸಣ್ಣ ರೋಮ. ಚುಕ್ಕೆ ಇರಲಿಲ್ಲ.

ಪುಟ ತಿರುಗಿಸಿದಳು. ಇನ್ನೂರ ಹದಿಮೂರರಲ್ಲಿ ಅದರ ಹಾಗೆಯೇ ಕಾಣುವ ಇನ್ನೊಂದು ಗಿಡ. ಕಾಂಡ ನುಣುಪು, ಮೇಲೆ ನೇರಳೆ ಚುಕ್ಕೆ. ಬೇರಿನಿಂದ ಬೀಜದವರೆಗೆ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಕೈಕಾಲು ಬಿದ್ದುಹೋಗಿ ಉಸಿರು ನಿಲ್ಲಬಹುದು, ಬೇಯಿಸಿದ ಮಾತ್ರಕ್ಕೆ ವಿಷ ಹೋಯಿತೆಂದು ನಂಬಬಾರದು ಎಂದು ಬರೆದಿತ್ತು.

ಆಕೆ ಅದೇ ಪುಟವನ್ನು ಮೂರು ಸಲ ಓದಿದಳು, ಗ್ಯಾಸ್ ನೋಡುವ ಹಾಗೆ. ಮೂರು ಸಲವೂ ಅದೇ ಇತ್ತು. ಗೋಡೆ ಗಡಿಯಾರದಲ್ಲಿ ಎರಡು ನಲವತ್ತು. ಯಾರದೋ ಮನೆಯಲ್ಲಿ ಸಂಜೆ ಅಡುಗೆಗೆ ಆ ಗೆಡ್ಡೆ ಕಾಯುತ್ತಿತ್ತು, ತಿನ್ನಿ ಎಂದವಳು ತಾನು.

ಕ್ಯಾಟಲಾಗ್ ಕೋಣೆಗೆ ಓಡಿದಳು. ಅಲ್ಲಿ ಕೂರುವ ಸಹೋದ್ಯೋಗಿ ಅರ್ಧ ತಿಂದ ಬಿಸ್ಕತ್ತು ಕೈಯಲ್ಲಿ ಹಿಡಿದೇ ಕಂಪ್ಯೂಟರಿನಲ್ಲಿ ಹುಡುಕಿದ. ಆಕೆ ಅವನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಏನೂ ಇಲ್ಲ ಅಕ್ಕ. ಚಾಟ್ ಮುಚ್ಚಿದ ತಕ್ಷಣ ಎಲ್ಲ ಹೋಗಿದೆ."

"ಫೋನ್ ನಂಬರು? ಯಾವ ಕಡೆಯಿಂದ ಬಂತು ಅಂತ ಆದ್ರೂ?"

"ಏನೂ ಉಳೀಬಾರದು ಅಂತ ನೀವೇ ಹೇಳಿ ಮಾಡಿಸಿದ್ದಲ್ವಾ?" ಅವನು ಚುಚ್ಚಲು ಹೇಳಿದ್ದಲ್ಲ. ಹೇಳಿ ಮುಗಿಸಿದ ಮೇಲೆ ಆಕೆಯ ಮುಖ ನೋಡಿ ಬಿಸ್ಕತ್ತು ಕೆಳಗಿಟ್ಟ.

ಮುಖ್ಯ ಗ್ರಂಥಪಾಲಕರಿಗೆ ಪುಸ್ತಕ ತೋರಿಸಿ ಹೇಳಿದಾಗ ಅವರು ಕುರ್ಚಿಯಿಂದ ಅರ್ಧ ಎದ್ದರು. ಜಾಲತಾಣದ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಹಾಕಬೇಕು, ಸದಸ್ಯರಿಗೆಲ್ಲ ಸಂದೇಶ ಕಳಿಸಬೇಕು ಎಂದು ಆಕೆ ಹೇಳಿದಳು. ಅವರು ಒಂದು ಕಾಗದದ ಮೇಲೆ ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. "ಗ್ರಂಥಾಲಯ ತಪ್ಪು ಹೇಳಿತು ಅಂತ ನೇರವಾಗಿ ಬೇಡ ಅನ್ಸುತ್ತೆ ಮೇಡಂ. ಕೆಲವು ಗೆಡ್ಡೆಗಳ ಬಗ್ಗೆ ಜಾಗ್ರತೆ ಅಂತ ಹಾಕೋಣ."

"ಸರ್, ನನ್ನ ಹೆಸರು ಹಾಕಿ. ತಿನ್ನಬೇಡಿ ಅಂತ ಹಾಕಿ. ಮಿಕ್ಕಿದ್ದು ಏನ್ ಬೇಕಾದ್ರೂ ಬರ್ಕೊಳ್ಳಿ" ಎಂದಳು. ಆ ಕೋಣೆಯಲ್ಲಿ ಆಕೆಯ ದನಿ ಅಷ್ಟು ಗಟ್ಟಿಯಾಗಿ ಯಾವತ್ತೂ ಕೇಳಿರಲಿಲ್ಲ. ಅವರು ಹಾಗೆಯೇ ಹಾಕಿದರು, ಸದಸ್ಯರಿಗೂ ಸಂದೇಶ ಕಳಿಸಿದರು, ವಿಷ ತಿಂದವರಿಗೆ ಸಲಹೆ ಕೊಡುವ ಆಸ್ಪತ್ರೆಗೂ ಫೋನ್ ಮಾಡಿ ತಿಳಿಸಿದರು. ಹೊತ್ತು ಮೂರೂಕಾಲು ಆಗಿತ್ತು.

ಆದರೆ ಜಾಲತಾಣದ ಮೊದಲ ಪುಟವನ್ನು ಯಾರು ದಿನಕ್ಕೆ ಎರಡು ಸಲ ನೋಡುತ್ತಾರೆ? ಉತ್ತರ ಸಿಕ್ಕವರು ಫೋನು ಬದಿಗಿಟ್ಟು ಗೆಡ್ಡೆ ತೊಳೆಯಲು ಹೋಗಿರುತ್ತಾರೆ. ಆಕೆ ಮತ್ತೆ ತನ್ನ ಮೇಜಿಗೆ ಬಂದು ಕೂತು, ಅಳಿಸಿಹೋದ ಆ ಸಂದೇಶವನ್ನು ನೆನಪಿನಿಂದ ಕಾಗದದ ಮೇಲೆ ಬರೆದಳು. ನಮಸ್ಕಾರ, ಪ್ರಶ್ನೆ, ಯಾವಾಗ ಬೇಕು. ಮೂರು ಸಾಲು. ಬರೆದದ್ದನ್ನು ಮತ್ತೊಮ್ಮೆ ಓದಿದಾಗ ಗುರುತು ಸಿಕ್ಕಿತು. ಊರಿನಲ್ಲಿ ಹೀಗೆ ಬರೆಯುವವರು ಹನ್ನೊಂದೇ ಜನ, ಅವರಿಗೆ ಹಾಗೆ ಬರೆಯಲು ಕಲಿಸಿದವಳು ಆಕೆಯೇ.

ಬುಧವಾರದ ತರಗತಿಯ ಹಾಜರಿ ಪುಸ್ತಕ ಕಾಗದದ್ದು, ಅದನ್ನು ಯಾವ ನಿಯಮವೂ ಅಳಿಸಿರಲಿಲ್ಲ. ಮೊದಲಿನಿಂದ ಫೋನ್ ಮಾಡುತ್ತ ಬಂದಳು. ನಿವೃತ್ತ ಅಂಚೆಯವರು "ಇಲ್ಲ" ಎಂದು, ಹೇಗಿದ್ದೀರಿ ಎಂದು ಕೇಳಿ, ಮೊಣಕಾಲಿನ ವಿಷಯ ಶುರು ಮಾಡಿದರು. ಬೇಕರಿಯವರ ಹೆಂಡತಿ ಇಲ್ಲ ಎಂದಳು. ಅಕ್ಕತಂಗಿಯರಿಬ್ಬರು ಫೋನನ್ನು ಒಬ್ಬರಿಂದ ಒಬ್ಬರು ಕಿತ್ತುಕೊಂಡು ಇಬ್ಬರೂ ಇಲ್ಲ ಎಂದರು. ಹತ್ತು ಜನ ಇಲ್ಲ ಎನ್ನುವ ಹೊತ್ತಿಗೆ ನಾಲ್ಕು ಗಂಟೆ. ಹನ್ನೊಂದನೆಯದು ದರ್ಜಿಯಮ್ಮನ ನಂಬರು. ರಿಂಗ್ ಆಯಿತು, ಆಯಿತು, ನಿಂತಿತು. ಮತ್ತೆ ಮಾಡಿದಳು, ಮತ್ತೆ ನಿಂತಿತು.

ಆಗ ಚಿತ್ರದ ಅಂಚು ನೆನಪಾಯಿತು. ತಟ್ಟೆಯ ಪಕ್ಕದಲ್ಲಿ ಒಂದು ಹಳದಿ ಪಟ್ಟಿ ಇತ್ತು, ಅದರ ಮೇಲೆ ಸಣ್ಣ ಸಣ್ಣ ಗೆರೆ. ಅಳತೆ ಟೇಪು. ಹಿಂದೆಯೇ ಇನ್ನೊಂದು ನೆನಪಾಯಿತು. ನಿನ್ನೆಯಷ್ಟೇ ತರಗತಿ ಮುಗಿದ ಮೇಲೆ ದರ್ಜಿಯಮ್ಮ ಮೆಟ್ಟಿಲಲ್ಲಿ ನಿಂತು ಹೇಳಿದ್ದಳು, ಸೊಸೆಗೆ ಏಳು ತಿಂಗಳು, ಏನು ಮಾಡಿ ಹಾಕಿದರೂ ಬಾಯಿಗೆ ಸೇರುತ್ತಿಲ್ಲ, ಏನಾದರೂ ಹೊಸದು ಹುಡುಕಬೇಕು ಅಂತ.

ದರ್ಜಿಯಮ್ಮನ ಮನೆ ಹಳೆಯ ಮಾರುಕಟ್ಟೆಯ ಹಿಂದೆ, ನಡೆದರೆ ಅರ್ಧ ಗಂಟೆ. ಬಸ್ಸಿಗೆ ಕಾಯುವ ತಾಳ್ಮೆ ಆಕೆಗಿರಲಿಲ್ಲ. ನೋಟ್‌ಬುಕ್ಕನ್ನು ಚೀಲಕ್ಕೆ ತುರುಕಿ, ಸಸ್ಯಗಳ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಹೊರಟಳು. ಆ ಪುಸ್ತಕ ಹೊರಗೆ ಒಯ್ಯುವಂಥದ್ದಲ್ಲ, ಬಾಗಿಲಲ್ಲಿ ಪುಸ್ತಕ ಕಳುವಾಗದಂತೆ ಕಾಯುವ ಯಂತ್ರ ಕಿರುಚಿಕೊಂಡಿತು, ಆಕೆ ತಿರುಗಿಯೂ ನೋಡಲಿಲ್ಲ. ಬೀಗದ ಅಂಗಡಿ, ಟೈರಿನ ಅಂಗಡಿ, ಶಾಲೆಯ ಉದ್ದನೆಯ ಗೋಡೆ. ಐವತ್ತನಾಲ್ಕು ವಯಸ್ಸಿಗೆ ಓಡಿದರೆ ಪಕ್ಕೆ ಹಿಡಿಯುತ್ತದೆ, ಹಿಡಿಯಿತು. ನಿಂತಳು, ಮತ್ತೆ ನಡೆದಳು. ಎಲ್ಲಿ ಸಿಕ್ತು, ಯಾರು ತಿಂತಾರೆ, ಕಾಂಡದ ಮೇಲೆ ಇರೋದೇನು? ಇವುಗಳಲ್ಲಿ ಒಂದನ್ನು ಬೆಳಿಗ್ಗೆ ಕೇಳಿದ್ದರೆ ಸಾಕಿತ್ತು. ಒಂದು ಸಾಲು ಬರೆಯಲು ಅರ್ಧ ನಿಮಿಷ. ರೈಲು ತಪ್ಪಿದ ಆ ಮನುಷ್ಯ ಮೇಜಿನೆದುರು ನಿಂತು ಮೆಲ್ಲಗೆ ಹೇಳಿದ ಮಾತು ಕಿವಿಯಲ್ಲಿತ್ತು. ಅವನಿಗಾದರೂ ಬಂದು ಹೇಳಲು ಬಾಯಿ ಇತ್ತು ಎಂಬ ಯೋಚನೆ ಬಂದು, ಆಕೆಗೆ ರಸ್ತೆಯ ಮಧ್ಯೆ ಅಳು ಬಂತು.

ದರ್ಜಿಯಮ್ಮನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಬೇಯಿಸಿದ ಯಾವುದೋ ಗೆಡ್ಡೆಯ ವಾಸನೆ ಬೀದಿಯವರೆಗೆ ಬರುತ್ತಿತ್ತು. ಆಕೆ ಬಾಗಿಲು ತಳ್ಳಿದಳು. ಬಟ್ಟೆ ಕತ್ತರಿಸುವ ಮೇಜಿನ ಆ ತುದಿಯಲ್ಲಿ ಸೊಸೆ ಕೂತಿದ್ದಳು, ಮುಂದೆ ಬಟ್ಟಲು, ಬಾಯಲ್ಲಿ ತುತ್ತು.

"ಉಗುಳು" ಎಂದಳು ಆಕೆ. "ಉಗುಳಮ್ಮ, ನುಂಗಬೇಡ."

ಸೊಸೆ ಗಾಬರಿಯಾಗಿ ಉಗುಳಿಯೇಬಿಟ್ಟಳು. ಒಳಗಿನಿಂದ ದರ್ಜಿಯಮ್ಮ ಸೌಟು ಹಿಡಿದು ಬಂದಳು. "ಅಯ್ಯೋ ಮೇಡಂ, ನೀವಾ? ಏನಾಯ್ತು?"

"ಅದೇನು? ಅವಳು ತಿಂತಿರೋದೇನು?"

"ಆಲೂಗಡ್ಡೆ ಮೇಡಂ. ಬೇಯಿಸಿ ಉಪ್ಪು ಹಾಕಿದ್ದು. ಅದೂ ನಾಲ್ಕು ತುತ್ತು ಸೇರಿದ್ರೆ ಹೆಚ್ಚು ಅಂತ ಕೊಟ್ಟೆ, ನೀವು ಬಂದು ಉಗುಳಿಸಿದ್ರಿ."

ಆಕೆ ಬಟ್ಟಲನ್ನು ಎಳೆದುಕೊಂಡು ಬೆರಳಿಂದ ಹಿಸುಕಿ ನೋಡಿದಳು. ಆಲೂಗಡ್ಡೆಯೇ. ಒಂದು ಕಡೆ ಸಿಪ್ಪೆಯೂ ಹತ್ತಿಕೊಂಡಿತ್ತು. ಆದರೂ ನಂಬಿಕೆ ಬರಲಿಲ್ಲ. "ಬೆಳಿಗ್ಗೆ ಚಿತ್ರ ಕಳಿಸಿದ್ರಲ್ಲ, ಆ ಗೆಡ್ಡೆ? ಯಾರಾದ್ರೂ ತಿಂದ್ರಾ? ಒಂದು ಚೂರಾದ್ರೂ?"

"ಇಲ್ಲಪ್ಪ. ಎಸೆದುಬಿಟ್ಟೆ." ದರ್ಜಿಯಮ್ಮ ಸ್ಟೂಲು ಮುಂದೆ ತಳ್ಳಿದಳು. "ಕೂತ್ಕೊಳ್ಳಿ ಮೊದ್ಲು. ಮುಖ ನೋಡ್ಕೊಳ್ಳಿ, ಹೇಗಾಗಿದೆ."

"ಎಷ್ಟು ಸಲ ಫೋನ್ ಮಾಡಿದೆ ನಾನು."

"ಅದು ಸದ್ದೇ ಮಾಡ್ತಿಲ್ಲ ಮೇಡಂ. ನಿನ್ನೆ ಕ್ಲಾಸಲ್ಲಿ ನೀವು ಸೈಲೆಂಟ್ ಮಾಡಿ ಅಂದ್ರಲ್ಲ, ಮಾಡಿದೆ. ವಾಪಸ್ ಹೇಗೆ ಮಾಡೋದು ಅಂತ ನೀವು ಹೇಳ್ಕೊಡ್ಲಿಲ್ಲ."

ಆಕೆ ಸ್ಟೂಲಿನ ಮೇಲೆ ಕುಸಿದಳು. ಸೊಸೆ ನೀರು ತಂದುಕೊಟ್ಟಳು. ಅರ್ಧ ಕುಡಿದ ಮೇಲೆ, ಬೆಳಿಗ್ಗೆ ಮರೆತಿದ್ದ ಅಭ್ಯಾಸಕ್ಕೆ ಮರಳಿ ಒಂದು ಪ್ರಶ್ನೆ ಕೇಳಿದಳು. "ಯಾಕೆ ಎಸೆದ್ರಿ?"

ದರ್ಜಿಯಮ್ಮ ನಕ್ಕಳು. "ಉತ್ತರ ಬಂತು, ಬೇಯಿಸಿ ತಿನ್ನಿ ಅಂತ. ಒಲೆ ಮೇಲೆ ನೀರೂ ಇಟ್ಟಿದ್ದೆ. ಆಮೇಲೆ ಯೋಚ್ನೆ ಆಯ್ತು. ನಮ್ಮ ಮೇಡಂ ಆಗಿದ್ರೆ ಎಲ್ಲಿ ಸಿಕ್ತು, ಯಾರಿಗೆ ಅಂತ ತಲೆ ತಿಂದು ಆಮೇಲೆ ಹೇಳೋರು. ನಾನು ನೂಲಿನ ಬಣ್ಣ ಕೇಳಿದ್ರೂ ಎರಡು ಪ್ರಶ್ನೆ ಕೇಳಿದೋರು. ಇದು ಒಂದೂ ಕೇಳ್ಲಿಲ್ಲ, ಪಟಕ್ ಅಂತ ಹೇಳ್ಬಿಡ್ತು. ಅವರ ಜಾಗದಲ್ಲಿ ಮಷೀನು ಕೂರಿಸಿದಾರೆ, ಇದು ಅದರದೇ ಮಾತು ಅಂದ್ಕೊಂಡೆ. ಮಷೀನು ಮಾತು ಕೇಳ್ಕೊಂಡು ಬಸುರಿಗೆ ತಿನ್ನಿಸ್ಲಾ? ತಗೊಂಡು ಹೋಗಿ ಎಸೆದೆ."

ಹೌದು, ಮಷೀನೇ ಎಂದು ಆಕೆ ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಕಳಿಸಿದವರು ಯಾರೆಂದು ಎಲ್ಲೂ ದಾಖಲೆಯಿರಲಿಲ್ಲ, ಎಲ್ಲ ಅಳಿಸಿಹೋಗಿತ್ತು. ಆಕೆ ಮೇಜಿನ ಮೇಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಷ್ಟು ಹೊತ್ತಿನ ಭಯ ಹೋಗಿ ಅದರ ಜಾಗಕ್ಕೆ ಇನ್ನೊಂದು ಭಯ ಬಂದಿತ್ತು, ಇದು ಮೊದಲಿನದಕ್ಕಿಂತ ಮೆಲ್ಲನೆಯದು.

"ಮಷೀನಲ್ಲ, ನಾನೇ ಕಳಿಸಿದ್ದು" ಎಂದಳು. "ಅದು ಬರೆದಿಟ್ಟಿತ್ತು. ನಾನು ಓದಿ ಒತ್ತಿದೆ. ಕೇಳ್ಬೇಕಾಗಿತ್ತು, ಕೇಳ್ಲಿಲ್ಲ." ಪುಸ್ತಕ ತೆರೆದು ಇನ್ನೂರ ಹದಿಮೂರನೇ ಪುಟ ತೋರಿಸಿದಳು.

ದರ್ಜಿಯಮ್ಮ ಅಕ್ಷರಕ್ಕೆ ಬೆರಳಿಟ್ಟು ಪೂರ್ತಿ ಓದಿದಳು. ಓದುತ್ತಾ ಓದುತ್ತಾ ಅವಳ ಇನ್ನೊಂದು ಕೈ ಸೊಸೆಯ ಹೆಗಲ ಮೇಲೆ ಹೋಗಿ ಕೂತಿತು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ.

"ಎಲ್ಲಿ ಎಸೆದ್ರಿ?" ಎಂದು ಆಕೆಯೇ ಕೇಳಿದಳು. "ಮೂರೂ ಎಸೆದ್ರಾ?"

ಮನೆಯ ಹಿಂದಿನ ಕಸದ ಡ್ರಮ್ಮಿನಲ್ಲಿ ಬಟ್ಟೆ ಚೂರುಗಳ ಅಡಿ ಮೂರೂ ಇದ್ದವು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತೆಗೆದು, ಎಣಿಸಿ, ಗಂಟು ಹಾಕಿದರು. ಗೋಡೆಯ ಪಕ್ಕದಲ್ಲಿ ಬೆಳೆದಿದ್ದ ಉಳಿದ ಗಿಡಗಳನ್ನೂ ಬೇರು ಸಮೇತ ಕಿತ್ತರು. ಪ್ರತಿ ಕಾಂಡದ ಮೇಲೂ ನೇರಳೆ ಚುಕ್ಕೆಗಳಿದ್ದವು, ಹಗಲು ಬೆಳಕಿನಲ್ಲಿ ಅವು ಶಾಯಿಯ ಹಾಗೆ ಕಾಣುತ್ತಲೇ ಇರಲಿಲ್ಲ. ಆಮೇಲೆ ಇಬ್ಬರೂ ನಲ್ಲಿಯ ಕೆಳಗೆ ಸೋಪು ಹಾಕಿ ಕೈ ತೊಳೆದರು. ಆಕೆ ಒರೆಸಿಕೊಂಡು, ದರ್ಜಿಯಮ್ಮನ ಫೋನು ಇಸಿದುಕೊಂಡು, ಸದ್ದು ವಾಪಸ್ ತರಿಸುವುದು ಹೇಗೆಂದು ತೋರಿಸಿದಳು.

ದರ್ಜಿಯಮ್ಮ ನೋಡಿ ಕಲಿತುಕೊಂಡಳು. ಒಂದು ಸಲ ತಾನೇ ಮಾಡಿ ನೋಡಿ, ಫೋನನ್ನು ಮೇಜಿನ ಮೇಲಿಟ್ಟಳು.

"ಅಲ್ಲ ಮೇಡಂ, ಪ್ರಶ್ನೆ ಕೇಳಿದ್ರೆ ನೀವು, ಕೇಳದಿದ್ರೆ ಮಷೀನು ಅಂತ ನಾನು ಲೆಕ್ಕ ಇಟ್ಕೊಂಡಿದ್ದೆ. ಇನ್ಮೇಲೆ ನಾನು ಏನ್ ನೋಡಿ ನಂಬ್ಲಿ?"

ಇಪ್ಪತ್ತೆಂಟು ವರ್ಷದಲ್ಲಿ ಆಕೆ ಯಾರನ್ನೂ ಹುಡುಕಿ ಹೇಳುತ್ತೇನೆ ಎನ್ನದೆ ಕಳಿಸಿದವಳಲ್ಲ. ಈಗ "ಗೊತ್ತಿಲ್ಲಮ್ಮ" ಎಂದಳು.

ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಚೀಲದಿಂದ ನೋಟ್‌ಬುಕ್ ತೆಗೆದಳು. ಬೆಳಿಗ್ಗೆಯ ಉತ್ತರಕ್ಕೆ ಗೆರೆ ಹೊಡೆದು 'ತಿನ್ನಬಾರದು' ಎಂದು ಬರೆದು, ಮೂರನೇ ಕಾಲಂನಲ್ಲಿ ಪುಸ್ತಕದ ಹೆಸರನ್ನೂ ಪುಟಸಂಖ್ಯೆಯನ್ನೂ ತುಂಬಿದಳು. ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ ದರ್ಜಿಯಮ್ಮ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಳು. ಅದರ ಮುಂದಿನ ಎರಡು ಕಾಲಂಗಳು ಖಾಲಿ ಉಳಿದವು. ಬಸ್ಸು ಬಂತು, ಆಕೆ ಪುಸ್ತಕ ಮುಚ್ಚಿ ಎದ್ದಳು. ನಲವತ್ತೊಂದನೇ ನೋಟ್‌ಬುಕ್ ತುಂಬಿ ನಲವತ್ತೆರಡು ಶುರುವಾಗಿದೆ, ಆ ಸಾಲು ಇನ್ನೂ ಹಾಗೇ ಇದೆ.